ಮಂಡಳಿಯುಂಟು, ಮಂತ್ರಿಮಂಡಲವಿಲ್ಲ



ಬಸವಕಲ್ಯಾಣ, ಹುಮನಾಬಾದ್ ಭಾಗದ ನಮ್ಮ ಮನೆಗಳಲ್ಲಿ '371 ಜೆ' ಎಂಬ ಮಾತನ್ನು ಕೇಳದವರು ಈಗ ಯಾರೂ ಇಲ್ಲ. ಕಾಲೇಜಿಗೆ ಹೋಗುವ ಮಕ್ಕಳಿಗೆ ಅದು ಪ್ರವೇಶದ ವೇಳೆಯಲ್ಲಿ ಬೇಕಾಗುವ ಪ್ರಮಾಣಪತ್ರ. ನೌಕರಿಗೆ ಅರ್ಜಿ ಹಾಕುವ ತರುಣರಿಗೆ ಮೀಸಲಾತಿ. ಹಿರಿಯರಿಗೆ ಬಹುಕಾಲದ ಹೋರಾಟದ ಫಲ. ಹೆಸರು ಎಲ್ಲರಿಗೂ ಗೊತ್ತು, ಅದರ ಒಳರಚನೆಯನ್ನು ಬಲ್ಲವರು ಮಾತ್ರ ಕಡಿಮೆ. ಜಾತ್ರೆಯಲ್ಲಿ, ಮದುವೆಯ ಹಂದರದಲ್ಲಿ ನಾಲ್ಕು ಜನ ಸೇರಿದಲ್ಲಿ ಈ ಮಾತು ಬಂದೇ ಬರುತ್ತದೆ: "ನಮ್ಮ ಭಾಗಕ್ಕೆ ಬೇರೆ ಮಂಡಳಿ ಇದೆ, ಬೇರೆ ಹಣ ಬರುತ್ತದೆ. ಹಾಗಿದ್ದರೂ ನಮ್ಮೂರ ಶಾಲೆಯ ಸೂರು ಏಕೆ ಸೋರುತ್ತದೆ? ಯಾರನ್ನು ಕೇಳಬೇಕು?"

ಈ ಕೊನೆಯ ಪ್ರಶ್ನೆಯೇ ಮುಖ್ಯವಾದುದು. ಯಾರನ್ನು ಕೇಳಬೇಕೆಂದು ತಿಳಿಯದವನಿಗೆ ಹಕ್ಕು ಇದ್ದೂ ಇಲ್ಲದಂತೆ. ಆದುದರಿಂದ ಈ ಸಂಚಿಕೆಯಲ್ಲಿ ನಾವು ಕಲ್ಯಾಣ ಕರ್ನಾಟಕ ಪ್ರದೇಶದ ವಿಶೇಷ ಸ್ಥಾನಮಾನವನ್ನು ಬಿಡಿಸಿ ನೋಡಲು ಉದ್ದೇಶಿಸಿದ್ದೇವೆ. ಇದರಲ್ಲಿ ಕಾರ್ಯಾಂಗ ಯಾವುದು, ಶಾಸಕಾಂಗ ಯಾವುದು, ನಮ್ಮ ಪಾತ್ರವೆಲ್ಲಿ ಎಂಬುದಷ್ಟೇ ವಿಚಾರ.

ಸ್ವಾಯತ್ತತೆಯ ಮೂರು ಗುರುತುಗಳು

ಒಂದು ಪ್ರದೇಶವು ದೊಡ್ಡ ರಾಜ್ಯದೊಳಗೆ ಇದ್ದುಕೊಂಡೇ ತನ್ನ ಕೆಲವು ವ್ಯವಹಾರಗಳನ್ನು ತಾನೇ ನೋಡಿಕೊಳ್ಳುವುದನ್ನು ಅರೆಸ್ವಾಯತ್ತ ವ್ಯವಸ್ಥೆ ಎನ್ನುತ್ತಾರೆ. ಕೂಡುಕುಟುಂಬದಲ್ಲಿ ಒಬ್ಬ ತಮ್ಮನಿಗೆ ಬೇರೆ ಒಲೆ, ಬೇರೆ ಲೆಕ್ಕ ಕೊಟ್ಟು, ಮನೆಯ ಹೆಸರನ್ನು ಒಂದೇ ಇಟ್ಟುಕೊಂಡಂತೆ ಇದು. ಇಂಥ ವ್ಯವಸ್ಥೆಯನ್ನು ಗುರುತಿಸಲು ಮೂರು ಪ್ರಶ್ನೆ ಕೇಳಿದರೆ ಸಾಕು. ಆ ಪ್ರದೇಶಕ್ಕೆ ತನಗೆ ಬೇಕಾದ ಕಾನೂನು ಮಾಡುವ ಸಭೆ ಇದೆಯೇ? ತೆರಿಗೆ ಎತ್ತುವ ಅಧಿಕಾರವಿದೆಯೇ? ಆ ಸಭೆಗೆ ಉತ್ತರ ಹೇಳುವ ಕಾರ್ಯಾಂಗವಿದೆಯೇ?

ನಮ್ಮ ದೇಶದಲ್ಲಿ ಈ ಮೂರಕ್ಕೂ 'ಹೌದು' ಎನ್ನುವ ಪ್ರದೇಶಗಳು ಉಂಟು. ಸಂವಿಧಾನದ ಆರನೆಯ ಅನುಸೂಚಿಯು ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂ ರಾಜ್ಯಗಳ ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತ ಜಿಲ್ಲಾ ಪರಿಷತ್ತುಗಳನ್ನು ಕೊಟ್ಟಿದೆ. ಸಾಮಾನ್ಯವಾಗಿ ಇಂಥ ಪರಿಷತ್ತಿನಲ್ಲಿ ಹೆಚ್ಚೆಂದರೆ 30 ಸದಸ್ಯರು; ಅವರಲ್ಲಿ ನಾಲ್ವರಿಗೆ ಮೀರದಂತೆ ರಾಜ್ಯಪಾಲರಿಂದ ನಾಮಕರಣಗೊಂಡವರು, ಉಳಿದವರೆಲ್ಲ ಜನರಿಂದ ಆರಿಸಿ ಬಂದವರು. ಅಸ್ಸಾಮಿನ ಬೋಡೋಲ್ಯಾಂಡ್ ಪರಿಷತ್ತಿಗೆ ಮಾತ್ರ 46 ಸದಸ್ಯರಿದ್ದಾರೆ. ಭೂಮಿ, ಗ್ರಾಮಾಡಳಿತ, ಆಸ್ತಿಯ ಉತ್ತರಾಧಿಕಾರ, ಸಾಮಾಜಿಕ ರೂಢಿ ಮೊದಲಾದ ವಿಷಯಗಳಲ್ಲಿ ಈ ಪರಿಷತ್ತುಗಳು ಕಾನೂನು ಮಾಡಬಲ್ಲವು. ಅವು ರಾಜ್ಯಪಾಲರ ಅಂಕಿತ ಪಡೆದ ಮೇಲೆ ಜಾರಿಗೆ ಬರುತ್ತವೆ. ಭೂಕಂದಾಯವನ್ನೂ ಕೆಲವು ತೆರಿಗೆಗಳನ್ನೂ ಅವು ಎತ್ತಬಲ್ಲವು. ಪರಿಷತ್ತಿನ ಒಳಗಿನಿಂದಲೇ ಒಂದು ಕಾರ್ಯಕಾರಿ ಸಮಿತಿ ರಚನೆಯಾಗುತ್ತದೆ; ಅದರ ಮುಖ್ಯಸ್ಥನು ಆ ಪ್ರದೇಶದ ಮಟ್ಟಿಗೆ ಒಬ್ಬ ಪುಟ್ಟ ಮುಖ್ಯಮಂತ್ರಿಯೇ.

ಕಲ್ಯಾಣ ಕರ್ನಾಟಕವನ್ನು ಇದೇ ಒರೆಗಲ್ಲಿಗೆ ಹಚ್ಚಿದರೆ ಮೂರು ಪ್ರಶ್ನೆಗಳಿಗೂ 'ಇಲ್ಲ' ಎಂಬುದೇ ಉತ್ತರ. ನಮಗೆ ದೊರೆತಿರುವುದು ಬೇರೊಂದು ಬಗೆಯ ವ್ಯವಸ್ಥೆ. ಅದು ಹೀಗೇಕೆ ಆಯಿತೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ಹೆದ್ದಾರಿ, ಮೂರು ನಾಡು

ನಿಜಾಮರ ರಾಜ್ಯದಲ್ಲಿ ಅರೆಸ್ವಾಯತ್ತತೆ ಹೊಸ ಸಂಗತಿಯೇನೂ ಆಗಿರಲಿಲ್ಲ. ದೊಡ್ಡ ಜಾಗೀರುಗಳಿಗೆ ತಮ್ಮದೇ ಕಂದಾಯ ವಸೂಲಿ, ತಮ್ಮದೇ ಪೊಲೀಸರು, ತಮ್ಮದೇ ನ್ಯಾಯಾಲಯಗಳಿದ್ದವು. ಇಂದಿನ ಬಸವಕಲ್ಯಾಣವು ಆಗ 'ಕಲ್ಯಾಣಿ' ಎಂಬ ಹೆಸರಿನ ಜಾಗೀರಿನ ಕೇಂದ್ರವಾಗಿ ನವಾಬರ ಕೈಯಲ್ಲಿತ್ತು. ಆದರೆ ಅದು ಜಾಗೀರುದಾರನ ಸ್ವಾಯತ್ತತೆ, ಪ್ರಜೆಯದಲ್ಲ. ಕೋಟೆಯೊಳಗೆ ಕಾರ್ಯಾಂಗವಿತ್ತು, ಅದನ್ನು ಪ್ರಶ್ನಿಸುವ ಸಭೆ ಇರಲಿಲ್ಲ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. 1949ರಲ್ಲಿ ಜಾಗೀರುಗಳು ರದ್ದಾದವು. 1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ನಡೆದು ಹೈದರಾಬಾದ್ ರಾಜ್ಯಕ್ಕೆ ಜನರೇ ಆರಿಸಿದ ವಿಧಾನಸಭೆ ಬಂದಿತು. ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾದರು.

1956ರ ನವೆಂಬರ್ 1ರಂದು ಆ ರಾಜ್ಯವು ಭಾಷೆಯ ಆಧಾರದ ಮೇಲೆ ಮೂರು ಭಾಗವಾಯಿತು. ನಮ್ಮ ಬೀದರ ಜಿಲ್ಲೆಯೇ ಮೂರಾಗಿ ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು; ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೆ ಹೋದವು; ಉಳಿದುದು ಮೈಸೂರು ರಾಜ್ಯಕ್ಕೆ ಬಂದಿತು. ಹುಮನಾಬಾದಿನ ಮೇಲೆ ಹಾದುಹೋಗುವ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯನ್ನು ಒಮ್ಮೆ ನೆನೆಯಿರಿ. ಪೂರ್ವಕ್ಕೆ ಹೋದರೆ ಜಹೀರಾಬಾದ್, ಪಶ್ಚಿಮಕ್ಕೆ ಹೋದರೆ ಉಮರ್ಗಾ, ನಡುವೆ ನಾವು. 1956ರ ಅಕ್ಟೋಬರ್ ಕೊನೆಯವರೆಗೆ ಜಹೀರಾಬಾದಿನಿಂದ ಉಮರ್ಗಾವರೆಗಿನ ಈ ದಾರಿ ಒಂದೇ ರಾಜ್ಯದಲ್ಲಿತ್ತು. ನಮ್ಮ ಬೀಗತನಗಳು ಇಂದಿಗೂ ಈ ಮೂರು ಕಡೆ ಹರಡಿಕೊಂಡಿರುವುದು ಇದೇ ಕಾರಣದಿಂದ.

ಬೇರೆ ಬೇರೆ ಮನೆ ಸೇರಿದ ಈ ಮೂವರು ಒಡಹುಟ್ಟಿದವರಿಗೆ ದೊರೆತ ಉಡಿ ಮಾತ್ರ ಒಂದೇ ಆಗಿರಲಿಲ್ಲ. ಜಹೀರಾಬಾದ್ ಸೇರಿದ ತೆಲಂಗಾಣಕ್ಕೆ ಅಲ್ಲಿಯ ನಾಯಕರು 1956ರ ಫೆಬ್ರವರಿಯಲ್ಲಿಯೇ ಆಂಧ್ರದ ನಾಯಕರೊಡನೆ ಒಪ್ಪಂದ ಮಾಡಿಕೊಂಡಿದ್ದರು. 'ಸಜ್ಜನರ ಒಪ್ಪಂದ' ಎಂದು ಹೆಸರಾದ ಅದರ ಫಲವಾಗಿ ಆಂಧ್ರಪ್ರದೇಶದ ವಿಧಾನಸಭೆಯೊಳಗೆ ತೆಲಂಗಾಣದ ಶಾಸಕರ ಒಂದು ಪ್ರಾದೇಶಿಕ ಸಮಿತಿ ರಚನೆಯಾಯಿತು. ಅಭಿವೃದ್ಧಿ, ಸ್ಥಳೀಯ ಆಡಳಿತ, ಆರೋಗ್ಯ, ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ, ಕೃಷಿಭೂಮಿಯ ಮಾರಾಟ ಮೊದಲಾದ ವಿಷಯಗಳು ಅದರ ಪರಿಶೀಲನೆಗೆ ಬರಬೇಕಾಗಿದ್ದವು. ಸಮಿತಿಗೂ ಸರ್ಕಾರಕ್ಕೂ ಒಮ್ಮತವಾಗದಿದ್ದರೆ ರಾಜ್ಯಪಾಲರ ತೀರ್ಮಾನವೇ ಅಂತಿಮ. ಪೂರ್ಣ ಶಾಸಕಾಂಗವಲ್ಲವಾದರೂ ಅದು ಶಾಸನಸಭೆಯೊಳಗಣ ಒಂದು ಪ್ರಾದೇಶಿಕ ಸಭೆಯೇ ಆಗಿತ್ತು. ಒಪ್ಪಂದ ಸರಿಯಾಗಿ ನಡೆಯಲಿಲ್ಲವೆಂಬ ಕೊರಗು 1969ರಲ್ಲಿ ದೊಡ್ಡ ಚಳವಳಿಯಾಯಿತು. 1973ರ ಆರು ಅಂಶಗಳ ಸೂತ್ರ ಮತ್ತು ಸಂವಿಧಾನದ 32ನೆಯ ತಿದ್ದುಪಡಿಯ ತರುವಾಯ ಆ ಸಮಿತಿ ಇಲ್ಲವಾಯಿತು. 2014ರ ಜೂನ್ 2ರಂದು ತೆಲಂಗಾಣ ಪ್ರತ್ಯೇಕ ರಾಜ್ಯವೇ ಆಯಿತು.

ಉಮರ್ಗಾ ಸೇರಿದ ಮರಾಠವಾಡಕ್ಕೆ ಸಭೆ ದೊರೆಯಲಿಲ್ಲ. ಅಭಿವೃದ್ಧಿ ಮಂಡಳಿಯ ವಾಗ್ದಾನ ದೊರೆಯಿತು. ಸಂವಿಧಾನದ 371ನೆಯ ವಿಧಿಯಲ್ಲಿ 1956ರಿಂದಲೇ ಅದಕ್ಕೆ ಅವಕಾಶವಿದ್ದರೂ ಮಂಡಳಿ ನಿಜವಾಗಿ ಅಸ್ತಿತ್ವಕ್ಕೆ ಬಂದುದು 1994ರಲ್ಲಿ. ಅದಕ್ಕೆ ಅವಧಿಯ ಕಟ್ಟು ಇತ್ತು; ಕಾಲಕಾಲಕ್ಕೆ ಮುಂದುವರಿಸುತ್ತ ಬರಲಾಯಿತು. 2020ರ ಏಪ್ರಿಲ್ 30ಕ್ಕೆ ಅವಧಿ ಮುಗಿದಾಗ ಅದು ತಾನಾಗಿ ಮುಂದುವರಿಯಲಿಲ್ಲ. ಆದೇಶದಿಂದ ಹುಟ್ಟಿದ ಮಂಡಳಿಯನ್ನು ನಿರಂತರ ಎಚ್ಚರದಿಂದ ಕಾಯಬೇಕೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ನಡುವಣ ನಮಗಾದರೋ 1956ರಲ್ಲಿ ಸಭೆಯೂ ಇಲ್ಲ, ಮಂಡಳಿಯ ಮಾತೂ ಇಲ್ಲ. ಕನ್ನಡ ನಾಡು ಒಂದಾಯಿತೆಂಬ ಸಂತೋಷದಲ್ಲಿ ನಮ್ಮ ಹಿರಿಯರು ಷರತ್ತು ಹಾಕದೆ ಬಂದು ಸೇರಿದರು. ಅದನ್ನು ನಾವು ತಪ್ಪೆನ್ನಲಾರೆವು. ಆದರೆ ಆ ಮೌನದ ಬೆಲೆಯನ್ನು ಮುಂದಿನ ಎರಡು ತಲೆಮಾರುಗಳು ತೆತ್ತವು.

371 ಜೆ ಬಂದ ಬಗೆ

ಹಿಂದುಳಿದಿರುವಿಕೆಯ ಕೂಗು ಬಲವಾದಾಗ ರಾಜ್ಯ ಸರ್ಕಾರವು ಧರ್ಮಸಿಂಗ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಮುಂದೆ 1991ರ ಕಾಯಿದೆಯಿಂದ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಅದು ರಾಜ್ಯದ ಶಾಸನದಿಂದ ಬಂದ ಮಂಡಳಿ. ಸಂವಿಧಾನದ ಬಲ ಅದರ ಬೆನ್ನಿಗಿರಲಿಲ್ಲ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ಗುರುತಿಸಿತು. ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 21, ಗುಲಬರ್ಗಾ ವಿಭಾಗದವು. ಈ ಸಂಖ್ಯೆಗಳು ಬಂದ ಮೇಲೆ ನಮ್ಮ ಅಳಲು ಬರಿಯ ಭಾವನೆಯಾಗಿ ಉಳಿಯಲಿಲ್ಲ, ಲೆಕ್ಕವಾಯಿತು.

ಸಂವಿಧಾನದಲ್ಲಿಯೇ ವಿಶೇಷ ಸ್ಥಾನ ಬೇಕೆಂಬ ಬೇಡಿಕೆಯನ್ನು ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೊತ್ತು ನಡೆಸಿದರು. 1999ರಲ್ಲಿ ಅಂದಿನ ಕೇಂದ್ರ ಸರ್ಕಾರ ಅದನ್ನು ತಿರಸ್ಕರಿಸಿತು. ಆದರೂ ಹೋರಾಟ ನಿಲ್ಲಲಿಲ್ಲ. ಕೊನೆಗೆ 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನದ 98ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. 371 ಜೆ ಎಂಬ ವಿಧಿ ಹುಟ್ಟಿ, 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಆಗ ಆರು ಜಿಲ್ಲೆಗಳು ಇದರ ವ್ಯಾಪ್ತಿಯಲ್ಲಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದುದರಿಂದ ಈಗ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಎಂದು ಏಳಾಗಿವೆ. ಪ್ರದೇಶದ ಹೆಸರು 2019ರ ಸೆಪ್ಟೆಂಬರ್ 17ರಂದು 'ಕಲ್ಯಾಣ ಕರ್ನಾಟಕ' ಎಂದಾಯಿತು. ನಮ್ಮ ಊರಿನ ಹೆಸರೇ ಏಳು ಜಿಲ್ಲೆಗಳ ಹೆಸರಾದುದು ನಮಗೆ ಹೆಮ್ಮೆಯೂ ಹೌದು, ಹೊಣೆಯೂ ಹೌದು.

ಕಾರ್ಯಾಂಗ ಯಾವುದು?

371 ಜೆ ವಿಧಿಯ ಭಾಷೆ ಸರಳವಾಗಿದೆ. ಅದು ನಮಗೆ ಪ್ರತ್ಯೇಕ ಸರ್ಕಾರವನ್ನು ಕೊಡುವುದಿಲ್ಲ. ರಾಜ್ಯಪಾಲರಿಗೆ ಮೂರು ವಿಷಯಗಳಲ್ಲಿ ವಿಶೇಷ ಹೊಣೆಯನ್ನು ವಹಿಸಲು ರಾಷ್ಟ್ರಪತಿಗಳಿಗೆ ಅವಕಾಶ ಕೊಡುತ್ತದೆ. ಮೊದಲನೆಯದು, ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಸ್ಥಾಪನೆ. ಎರಡನೆಯದು, ಅಭಿವೃದ್ಧಿ ವೆಚ್ಚದಲ್ಲಿ ಈ ಪ್ರದೇಶಕ್ಕೆ ನ್ಯಾಯಯುತವಾದ ಹಣದ ಹಂಚಿಕೆ. ಮೂರನೆಯದು, ಸರ್ಕಾರಿ ನೌಕರಿ, ಶಿಕ್ಷಣ ಮತ್ತು ವೃತ್ತಿ ತರಬೇತಿಯಲ್ಲಿ ಇಲ್ಲಿಯ ಜನರಿಗೆ ನ್ಯಾಯಯುತ ಅವಕಾಶ. ಹಣಕ್ಕೂ ಅವಕಾಶಗಳಿಗೂ 'ಒಟ್ಟು ರಾಜ್ಯದ ಅವಶ್ಯಕತೆಗಳಿಗೆ ಒಳಪಟ್ಟು' ಎಂಬ ಒಂದು ಕಟ್ಟಳೆಯನ್ನೂ ವಿಧಿ ಸೇರಿಸಿದೆ. ಅಂದರೆ ಅಣ್ಣನ ಮನೆಯ ಖರ್ಚನ್ನು ನೋಡಿಯೇ ತಮ್ಮನ ಪಾಲನ್ನು ಅಳೆಯಲಾಗುವುದು.

ಹೀಗೆ ಬಂದುದೇ ಇಂದಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಅದರ ಕೇಂದ್ರ ಕಲಬುರಗಿ. ಅಧ್ಯಕ್ಷರೊಬ್ಬರು, ಆಡಳಿತ ನಡೆಸುವ ಹಿರಿಯ ಅಧಿಕಾರಿಯಾದ ಕಾರ್ಯದರ್ಶಿಯೊಬ್ಬರು, ಜೊತೆಗೆ ಜನಪ್ರತಿನಿಧಿಗಳು, ಅಧಿಕಾರಿಗಳು ಇದರಲ್ಲಿರುತ್ತಾರೆ. ಮಂಡಳಿಗೆ ಜನರು ನೇರವಾಗಿ ಮತ ಹಾಕುವುದಿಲ್ಲ. ಮಂಡಳಿಯು ಕಾನೂನು ಮಾಡುವುದಿಲ್ಲ, ತೆರಿಗೆ ಎತ್ತುವುದಿಲ್ಲ. ಅದರ ಹಣ ರಾಜ್ಯದ ಮುಂಗಡಪತ್ರದಿಂದ ಬರಬೇಕು. 2025–26ರ ಮುಂಗಡಪತ್ರದಲ್ಲಿ ಮಂಡಳಿಗೆಂದು ಪ್ರಕಟವಾದ ಮೊತ್ತ 5,000 ಕೋಟಿ ರೂಪಾಯಿ. ವರ್ಷದ ಕ್ರಿಯಾಯೋಜನೆ ಒಪ್ಪಿಗೆ ಪಡೆದ ಮೇಲೆ ರಸ್ತೆ, ಶಾಲಾಕೋಣೆ, ಆಸ್ಪತ್ರೆಗಳ ಕೆಲಸ ಮಾಡುವವರು ಬಹುಮಟ್ಟಿಗೆ ಸರ್ಕಾರದ ಇಲಾಖೆಗಳು ಮತ್ತು ನಿರ್ಮಾಣ ಸಂಸ್ಥೆಗಳೇ.

ಆದುದರಿಂದ ನಮ್ಮ ಕಾರ್ಯಾಂಗ ಎರಡು ಮನೆಗಳಲ್ಲಿ ವಾಸಿಸುತ್ತದೆ. ಯೋಜನೆಯ ಒಂದು ಪಾಲು ಕಲಬುರಗಿಯ ಮಂಡಳಿಯಲ್ಲಿ. ಅಧಿಕಾರದ ಬಹುಪಾಲು ಬೆಂಗಳೂರಿನ ಮಂತ್ರಿಮಂಡಲದಲ್ಲಿ. ಶಾಲೆಗೆ ಕೋಣೆ ಕಟ್ಟಿಸುವುದು ಮಂಡಳಿಯಿಂದ ಆಗಬಹುದು. ಆ ಕೋಣೆಗೆ ಶಿಕ್ಷಕರನ್ನು ನೇಮಿಸುವುದು ಶಿಕ್ಷಣ ಇಲಾಖೆಯಿಂದಲೇ ಆಗಬೇಕು. ಆಸ್ಪತ್ರೆಯ ಕಟ್ಟಡ ಒಬ್ಬರದು, ವೈದ್ಯರ ಹುದ್ದೆ ಇನ್ನೊಬ್ಬರದು. ಕಟ್ಟಡವೆದ್ದು ಬೀಗ ಬಿದ್ದಿರುವ ಕಡೆಗಳಲ್ಲಿ ಈ ಎರಡು ಕೈಗಳು ಸೇರದಿರುವುದೇ ಅನೇಕ ವೇಳೆ ಕಾರಣ.

ಬಸವಕಲ್ಯಾಣದ ಓದುಗರು ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳಬೇಕು. ಬಸವಕಲ್ಯಾಣ ಅಭಿವೃದ್ಧಿ ಮಂಡಳಿ ಎಂಬುದು ಬೇರೆ ಸಂಸ್ಥೆ. ಅದು ಪ್ರತ್ಯೇಕ ಶಾಸನದಿಂದ ಬಂದು, ಶರಣರ ಸ್ಮಾರಕಗಳ ಅಭಿವೃದ್ಧಿಗಾಗಿ ಇರುವುದು. ಹೊಸ ಅನುಭವ ಮಂಟಪದ ಕೆಲಸ ಅದರ ಕಡೆಯದು. ಊರ ಕುಡಿಯುವ ನೀರಿಗೆ ಆ ಮಂಡಳಿಯನ್ನು ಕೇಳಿದರೆ ಉತ್ತರ ದೊರೆಯದು.

ಶಾಸಕಾಂಗ ಯಾವುದು?

ತೆಲಂಗಾಣಕ್ಕೆ ಒಂದು ಕಾಲದಲ್ಲಿದ್ದ ಪ್ರಾದೇಶಿಕ ಸಮಿತಿಯಂಥದು ನಮಗಿಲ್ಲ. ಹಾಗಾದರೆ ಮಂಡಳಿಯನ್ನು ಪ್ರಶ್ನಿಸುವವರು ಯಾರು? ಇಲ್ಲಿಯೇ 371 ಜೆ ವಿಧಿಯ ಅತಿ ಮುಖ್ಯವಾದ, ಆದರೆ ಅತಿ ಕಡಿಮೆ ಚರ್ಚೆಯಾಗುವ ಮಾತು ಇದೆ. ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ರಾಜ್ಯದ ವಿಧಾನಸಭೆಯ ಮುಂದೆ ಇಡತಕ್ಕದ್ದೆಂದು ಸಂವಿಧಾನ ಹೇಳಿದೆ. ಅಂದಮೇಲೆ ನಮ್ಮ ಪ್ರದೇಶದ ಶಾಸಕಾಂಗವೆಂದರೆ ಕರ್ನಾಟಕದ ವಿಧಾನಸಭೆಯೇ. ನಮ್ಮ ಕೈಗೆ ಸಂವಿಧಾನ ಕೊಟ್ಟಿರುವ ಬೀಗದ ಕೈಯೆಂದರೆ ಆ ವಾರ್ಷಿಕ ವರದಿ.

ಆ ಸಭೆಯಲ್ಲಿ ನಮ್ಮ ಬಲವೆಷ್ಟು? ಒಟ್ಟು 224 ಸ್ಥಾನಗಳಲ್ಲಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಸೇರಿದುವು 41. ಬೀದರ ಜಿಲ್ಲೆಗೆ ಆರು; ಅವುಗಳಲ್ಲಿ ಬಸವಕಲ್ಯಾಣ ಒಂದು, ಹುಮನಾಬಾದ್ ಒಂದು. ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಸಂಖ್ಯೆಯಿಂದ ನಾವು ಗೆಲ್ಲಲಾರೆವು. ಆದರೆ ಪಕ್ಷವನ್ನು ಮರೆತು 41 ದನಿಗಳು ಒಂದಾದರೆ ಯಾವ ಸರ್ಕಾರವೂ ಅದನ್ನು ಕಡೆಗಣಿಸಲಾರದು. ವಿಧಾನ ಪರಿಷತ್ತಿನಲ್ಲಿಯೂ ಈಶಾನ್ಯ ಪದವೀಧರರ ಕ್ಷೇತ್ರ, ಈಶಾನ್ಯ ಶಿಕ್ಷಕರ ಕ್ಷೇತ್ರಗಳಿವೆ. ಪದವಿ ಪಡೆದ ನಮ್ಮ ಮನೆಯ ಹೆಣ್ಣುಮಕ್ಕಳೂ ಸೊಸೆಯಂದಿರೂ ಆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿದ್ದಾರೆಯೇ ಎಂದು ಓದುಗರು ನೋಡಿಕೊಳ್ಳಲಿ. ಅದು ತಾನಾಗಿ ಸೇರುವ ಹೆಸರಲ್ಲ. ಅರ್ಜಿ ಕೊಟ್ಟು ಸೇರಿಸಬೇಕಾದ ಹೆಸರು.

ಇದರ ಕೆಳಗಿನ ಹಂತ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳದು. 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಳವರೆಗೆ ಚುನಾವಣೆ ನಡೆಯಲಿಲ್ಲ. ಅಧಿಕಾರಿಗಳೇ ಆಡಳಿತ ನೋಡಿದರು. ಮಂಡಳಿಗೆ ನೇರ ಚುನಾವಣೆಯಿಲ್ಲದಿರುವಾಗ, ಜಿಲ್ಲೆಯ ಸಭೆಯೂ ಬರಿದಾದರೆ, ನಮ್ಮ ಊರಿಗೂ ವಿಧಾನಸಭೆಗೂ ನಡುವೆ ಕೇಳುವವರೇ ಇಲ್ಲವಾಗುತ್ತಾರೆ. ಹಿಂದಿನ ಕಾಲದ ಕೋಟೆಯಲ್ಲಿ ಸಭೆ ಇರಲಿಲ್ಲವೆಂದು ನಾವು ಹೇಳಿದೆವು. ಸಭೆ ಇದ್ದೂ ಕೇಳದಿದ್ದರೆ ಅಂದಿಗೂ ಇಂದಿಗೂ ಭೇದವೇನು?

ಮನೆಯವರು ಮಾಡಬೇಕಾದುದು

ಅವಕಾಶಗಳ ವಿಷಯದಲ್ಲಿ ವ್ಯವಸ್ಥೆ ಸ್ಪಷ್ಟವಾಗಿದೆ. ಈ ಪ್ರದೇಶದೊಳಗಿನ ಸರ್ಕಾರಿ ಹುದ್ದೆಗಳಲ್ಲಿ 'ಎ' ಮತ್ತು 'ಬಿ' ಗುಂಪಿನಲ್ಲಿ ಶೇ. 75, 'ಸಿ' ಗುಂಪಿನಲ್ಲಿ ಶೇ. 80, 'ಡಿ' ಗುಂಪಿನಲ್ಲಿ ಶೇ. 85 ಸ್ಥಳೀಯರಿಗೆ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ. 8. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಇಲ್ಲಿಯ ಕಾಲೇಜುಗಳಲ್ಲಿ ಶೇ. 70, ಹೊರಗಿನ ಕಾಲೇಜುಗಳಲ್ಲಿ ಶೇ. 8. ಇದಕ್ಕೆ ಜನ್ಮ ಅಥವಾ ವಾಸದ ಆಧಾರದ ಅರ್ಹತಾ ಪ್ರಮಾಣಪತ್ರ ಬೇಕು. ಜಾತಿ, ಆದಾಯದ ಪತ್ರಗಳನ್ನು ತಹಸೀಲ್ದಾರರು ಕೊಡುತ್ತಾರೆ. ಈ ಪತ್ರವನ್ನು ಕೊಡುವವರು ಸಹಾಯಕ ಆಯುಕ್ತರು. ಬಸವಕಲ್ಯಾಣದಲ್ಲಿಯೇ ಆ ಕಚೇರಿಯೊಂದಿದೆ. ಪ್ರವೇಶದ ಕೊನೆಯ ದಿನ ಓಡಾಡುವುದಕ್ಕಿಂತ ಮಕ್ಕಳು ಹತ್ತನೆಯ ತರಗತಿ ಮುಗಿಸಿದೊಡನೆ ಪತ್ರ ಮಾಡಿಸಿಡುವುದು ಲೇಸು. ಹುದ್ದೆ ಮೀಸಲಾಗಿದ್ದರೆ ಸಾಲದು, ಭರ್ತಿಯಾಗಬೇಕು. ಖಾಲಿ ಹುದ್ದೆಯಲ್ಲಿ ಶೇ. 80 ಎಂದರೆ ಖಾಲಿಯ ಶೇ. 80 ಅಷ್ಟೇ. ಖಾಲಿ ಹುದ್ದೆಗಳ ಪ್ರಶ್ನೆ ವಿಧಾನಸಭೆಯಲ್ಲಿ ಏಳಬೇಕು.

ಆದುದರಿಂದ ನಮ್ಮ ಸೂಚನೆ ಇಷ್ಟು. ನಿಮ್ಮ ಶಾಸಕರು ಊರಿಗೆ ಬಂದಾಗ ಹಾರ ಹಾಕುವುದರ ಜೊತೆಗೆ ಮೂರು ಮಾತು ಕೇಳಿರಿ. ಮಂಡಳಿಯ ಈ ವರ್ಷದ ವರದಿ ಸದನದ ಮುಂದೆ ಬಂದಿತೇ? ಬಂದಿದ್ದರೆ ತಾವು ಅದರ ಮೇಲೆ ಏನು ಮಾತನಾಡಿದಿರಿ? ಕೊಟ್ಟ ಹಣದಲ್ಲಿ ವರ್ಷದೊಳಗೆ ಖರ್ಚಾದುದೆಷ್ಟು, ನಮ್ಮ ತಾಲ್ಲೂಕಿಗೆ ಬಂದುದೆಷ್ಟು? ಕೇಳುವಾಗ ಗೌರವವಿರಲಿ, ಅಂಜಿಕೆ ಬೇಡ. ಗ್ರಾಮಸಭೆಯಲ್ಲಿಯೂ ಇದೇ ರೀತಿ: ಈ ಕಾಮಗಾರಿ ಯಾರ ಹಣದ್ದು, ಯಾರ ಹೊಣೆಯದು ಎಂದು ಕೇಳಿ ಬರೆಸಿರಿ.

2024ರ ಸೆಪ್ಟೆಂಬರ್ 17ರಂದು ರಾಜ್ಯದ ಸಚಿವ ಸಂಪುಟವೇ ಕಲಬುರಗಿಗೆ ಬಂದು ಸಭೆ ನಡೆಸಿತು. ಸಂಪುಟ ನಮ್ಮ ಬಾಗಿಲಿಗೆ ಬಂದುದು ಸಂತೋಷವೇ. ಆದರೆ ಸಂಪುಟ ಬರುವುದು ಅಪರೂಪ. ವಿಧಾನಸಭೆ ಸೇರುವುದು ಪ್ರತಿ ವರ್ಷ. ನಮಗೆ ಸ್ವಂತ ಸಭೆಯನ್ನು ಸಂವಿಧಾನ ಕೊಡಲಿಲ್ಲ, ಪ್ರಶ್ನೆ ಕೇಳುವ ಸ್ಥಳವನ್ನು ಕೊಟ್ಟಿದೆ. ಆ ಸ್ಥಳ ಖಾಲಿ ಬಿದ್ದರೆ ಹಣ ಎಷ್ಟೇ ಬಂದರೂ ಅದು ಕೊಟ್ಟವರ ಕೊಡುಗೆಯಾಗಿ ಉಳಿಯುತ್ತದೆ. ಅಲ್ಲಿ ನಮ್ಮ ದನಿ ಕೇಳಿಬಂದರೆ ಮಾತ್ರ ಅದು ನಮ್ಮ ಹಕ್ಕಾಗುತ್ತದೆ.